ಭಾನುವಾರದ ಬದಲಾಪುರ ಲೋಕಲ್

ಠಾಕುರ್ಲಿಯಲ್ಲಿ ಬೆಳಿಗ್ಗೆ ಲೋಕಲ್ ಹತ್ತುವ ಹೆಂಗಸರಲ್ಲಿ ಎರಡು ಜಾತಿ. ಠಾಣೆ ಕಡೆಯ ಟ್ರೇನಿಗೆ ನೇರವಾಗಿ ನುಗ್ಗಿ, ಯಾರದೋ ಮೊಣಕೈ ಪಕ್ಕೆಗೆ ತಿವಿಸಿಕೊಂಡು, ನಿಂತೇ ಹೋಗುವವರು ಒಂದು ಜಾತಿ. ಮೊದಲು ಉಲ್ಟಾ ದಿಕ್ಕಿನ ಟ್ರೇನು ಹಿಡಿದು ಒಂದು ಸ್ಟೇಷನ್ ಹಿಂದಕ್ಕೆ, ಕಲ್ಯಾಣಕ್ಕೆ ಹೋಗಿ, ಅಲ್ಲಿ ಡಬ್ಬಿ ಖಾಲಿಯಾದಾಗ ಕೂತಲ್ಲೇ ಕೂತಿದ್ದು, ಅದೇ ಟ್ರೇನು ವಾಪಸು ಹೊರಟಾಗ ಕಿಟಕಿಯ ಪಕ್ಕದಿಂದ ಠಾಕುರ್ಲಿಯ ಜನಸಂದಣಿಯನ್ನು ನೋಡುವವರು ಇನ್ನೊಂದು ಜಾತಿ. ಇದಕ್ಕೆ ನಮ್ಮಲ್ಲಿ ರಿಟರ್ನ್ ಮಾಡುವುದು ಎನ್ನುತ್ತಾರೆ. ನಾನು ರಿಟರ್ನ್ ಮಾಡುವವಳು. ಮುಂದೆ ಹೋಗಬೇಕಾದರೆ ಮೊದಲು ಹಿಂದಕ್ಕೆ ಹೋಗಬೇಕು ಎನ್ನುವುದು ನನಗೆ ಯಾವ ಗುರುಗಳೂ ಹೇಳಿಕೊಟ್ಟದ್ದಲ್ಲ, ಮಧ್ಯ ರೈಲ್ವೆ ಹೇಳಿಕೊಟ್ಟದ್ದು.

ಆ ವರ್ಷ ನನಗೆ ಸೀಟು ಬೇಕಾಗಿದ್ದದ್ದು ಓದುವುದಕ್ಕೆ. ಠಾಣೆಯಲ್ಲಿಳಿದು ಬಸ್ಸು ಹಿಡಿದು ಸೇರಬೇಕಾದ ಮಹಾಪೆಯ ಒಂದು ಆಫೀಸಿನಲ್ಲಿ, ಬೇರೆ ಯಾರೋ ಮಾಡಿದ ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿ ತಲೆ ಚಿಟ್ಟುಹಿಡಿದಿತ್ತು. ಆ ಲೆಕ್ಕ ಹಾಕುವವರು ಯಾಕೆ ಹಾಗೆ ಹಾಕುತ್ತಾರೆ, ಹಾಗಲ್ಲದೆ ಬೇರೆ ಹೇಗೆ ಹಾಕಬಹುದು ಎಂದು ಕಲಿಯಬೇಕೆನ್ನುವ ಹಟ ಹುಟ್ಟಿತು. ಅದಕ್ಕೊಂದು ಎರಡು ವರ್ಷದ ಸ್ನಾತಕೋತ್ತರ ಕೋರ್ಸು ಇತ್ತು, ಹಣಕಾಸಿನ ಗಣಿತದ್ದು. ಕೋರ್ಸಿಗೆ ಪ್ರವೇಶ ಪರೀಕ್ಷೆ. ವರ್ಷಕ್ಕೊಮ್ಮೆ. ಕ್ಯಾಲ್ಕುಲೇಟರ್ ಇಲ್ಲ, ತಪ್ಪು ಉತ್ತರಕ್ಕೆ ಅಂಕ ಕಡಿತ, ಒಂದೊಂದು ಪ್ರಶ್ನೆಗೆ ಉಸಿರು ಬಿಡುವಷ್ಟು ಸಮಯವೂ ಇಲ್ಲ.

ಮೊದಲ ಸಲ ಬರೆದಾಗ ಸೋತೆ. ಗೊತ್ತಿಲ್ಲದೆ ಸೋತಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಒಂದೇ ಒಂದು ಪ್ರಶ್ನೆಯನ್ನು, ಎರಡು ಪೆಟ್ಟಿಗೆ, ಕೆಂಪು ಚೆಂಡು, ಬಿಳಿ ಚೆಂಡು ಎಂಬ ಆ ದರಿದ್ರ ಪ್ರಶ್ನೆಯನ್ನು, ಹಿಡಿದು ಕೂತೆ. ಉತ್ತರ ಬರಲಿಲ್ಲ. ಬಿಡಲೂ ಇಲ್ಲ. ತಲೆ ಎತ್ತಿ ಗಡಿಯಾರ ನೋಡುವಾಗ ಮುಕ್ಕಾಲು ಹೊತ್ತು ಮುಗಿದಿತ್ತು. ಹಿಡಿದದ್ದನ್ನು ಬಿಡದಿರುವುದು ಒಳ್ಳೆಯ ಗುಣ ಎಂದು ಶಾಲೆಯಲ್ಲಿ ಮೇಡಮ್ಮೊಬ್ಬರು ಬಹುಮಾನ ಕೊಟ್ಟಿದ್ದರು. ಆ ಮೇಡಮ್ಮು ಈಗ ಸಿಕ್ಕರೆ ಬಹುಮಾನ ವಾಪಸು ಕೊಡುತ್ತೇನೆ.

ನಮ್ಮದು ಕುಂದಾಪುರ ಕಡೆಯ ಮನೆತನ. ಅಪ್ಪಯ್ಯ ಠಾಣೆಯ ಮಾಜಿವಾಡಾದಲ್ಲಿ ಒಂದು ಉಡುಪಿ ಹೋಟೆಲಿನ ಮ್ಯಾನೇಜರು. ಮ್ಯಾನೇಜರು ಎಂದರೆ ಗಲ್ಲೆಯ ಮೇಲೆ, ದುಡ್ಡಿನ ಪೆಟ್ಟಿಗೆಯ ಮುಂದೆ, ಕೂರುವವರು. ನಾನು ಹುಟ್ಟುವುದಕ್ಕೂ ಮೊದಲಿನಿಂದ ಅದೇ ಗಲ್ಲೆ. ಭಾನುವಾರ ಬೆಳಿಗ್ಗೆ ಅಲ್ಲಿ ದೋಸೆಗೆ ಜನ ಬಾಗಿಲಾಚೆಗೂ ನಿಲ್ಲುತ್ತಾರೆ. ಹಾಗಾಗಿ ಶನಿವಾರ ರಾತ್ರಿ ಅವರು ಮನೆಗೆ ಬರುವುದೇ ಇಲ್ಲ, ಹೋಟೆಲಿನ ಮಾಳಿಗೆಯಲ್ಲೇ ಮಲಗುತ್ತಾರೆ. ಬಂಧುಗಳ ಮುಂಜಿ, ಮದುವೆ ಸಮಾರಂಭಗಳೆಲ್ಲ ಭಾನುವಾರವೇ. ಒಂದಕ್ಕೂ ಅಪ್ಪಯ್ಯ ಬಂದವರಲ್ಲ. ಗಿರಾಕಿಯ ಎದುರು ದನಿ ಎತ್ತಿದವರಲ್ಲ, ಇಡ್ಲಿ ಇದ್ದೂ ಮುಗಿದಿದೆ ಎಂದು ಸುಳ್ಳು ಹೇಳಿದವರಲ್ಲ. ಇಂಥವರ ಹೊಟ್ಟೆಯಲ್ಲಿ ನನ್ನಂಥ ಸಿಡುಕಿ ಹುಟ್ಟಿದ್ದು ಹೇಗೆ ಎಂದು ಅಮ್ಮನಿಗೆ ಇವತ್ತಿಗೂ ಆಶ್ಚರ್ಯ.

ಫೇಲಾದ ಸುದ್ದಿ ಹೇಳಿದ ದಿನ ಅಪ್ಪಯ್ಯನಿಗೆ ಇನ್ನೊಂದು ಸುದ್ದಿಯೂ ಗೊತ್ತಿತ್ತು. ಆಫೀಸಿನವರು ನನಗೆ ಬಡ್ತಿ ಕೊಟ್ಟು ಪುಣೆಗೆ ಕಳಿಸುವ ಮಾತೆತ್ತಿದ್ದರು. ಕೈಗೆ ಬಂದದ್ದನ್ನು ಬಿಟ್ಟು ಇನ್ನೊಂದು ವರ್ಷ ಲೆಕ್ಕ ಬಿಡಿಸುತ್ತ ಕೂರುತ್ತೇನೆ ಎನ್ನುವ ಮಗಳು ಅವರಿಗೆ ಅರ್ಥವಾಗಲಿಲ್ಲ.

“ಇನ್ನೊಂದ್ ಸಲ ಬರಿ,” ಎಂದರು. “ಆಗ್ದಿದ್ರೆ ಪುಣೆಗೆ ಹೋಯ್ಕ್. ಇದೇ ಕಡೆ.”

“ಇದೇ ಕಡೆ ಅಂತ ನೀವ್ ಹೇಳೂದೆಂತಕೆ? ಪರೀಕ್ಷೆ ನಂದು,” ಎಂದೆ.

“ಮಗಳೂ ನಂದೇ ಅಲ್ದಾ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರು ಒಮ್ಮೆ ಕಡೆ ಎಂದರೆ ಅದು ಕಡೆಯೇ. ಆಮೇಲೆ ಆ ವರ್ಷವೆಲ್ಲ ನಮ್ಮಿಬ್ಬರ ನಡುವೆ ಪರೀಕ್ಷೆಯ ಮಾತೇ ಬರಲಿಲ್ಲ. ಊಟ, ಬಟ್ಟೆ, ನಲ್ಲಿ ನೀರು ಇಷ್ಟರ ಮಾತು. ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ಪುಣೆಗೆ ಒಪ್ಪಿದರೆ ಈ ಆಸೆಯ ಕಥೆ ಮುಗಿಯಿತು ಎಂದು ಒಳಗೆ ಗೊತ್ತಿತ್ತು. ಅಲ್ಲಿ ಹೋದವರು ಮತ್ತೆ ಪುಸ್ತಕ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

ನಮ್ಮದು ಒಂದು ರೂಮು, ಒಂದು ಅಡುಗೆಮನೆ. ಅಮ್ಮನ ಟಿವಿ, ಮೇಲಿನ ಮನೆಯ ಮಿಕ್ಸರು, ಪಕ್ಕದ ಬಿಲ್ಡಿಂಗಿನ ಡ್ರಿಲ್ಲು. ಹಾಗಾಗಿ ನನ್ನ ಓದಿನ ಕೋಣೆ ಲೋಕಲ್‌ನ ಲೇಡೀಸ್ ಡಬ್ಬಿಯ ಕಿಟಕಿ ಸೀಟೇ ಆಯಿತು. ಕಿವಿಗೆ ಸ್ಪಂಜಿನ ಬಿರಡೆ ತುರುಕಿ ತೊಡೆಯ ಮೇಲೆ ಹಾಳೆ ಇಟ್ಟುಕೊಂಡರೆ ಲೋಕವೇ ಇಲ್ಲ.

ಆದರೆ ಲೇಡೀಸ್ ಡಬ್ಬಿಗೂ ಒಂದು ನ್ಯಾಯ ಉಂಟು. ಕಲ್ಯಾಣದಿಂದ ಕೂತು ಬಂದವರು ದಾರಿಮಧ್ಯದ ದಿವಾ ಸ್ಟೇಷನ್ ಬಂದ ಕೂಡಲೇ ಎದ್ದು, ನಿಂತಿದ್ದ ತಮ್ಮ ಗುಂಪಿನವರಿಗೆ ಸೀಟು ಬಿಟ್ಟುಕೊಡಬೇಕು. ನಮ್ಮ ಗುಂಪಿನ ಯಜಮಾನಿಕೆ ಬಾಗಲಕೋಟೆ ಕಡೆಯ ಒಬ್ಬ ಅಕ್ಕನದ್ದು. ಠಾಣೆಯ ಬ್ಯಾಂಕೊಂದರಲ್ಲಿ ಕೆಲಸ, ದನಿ ಮಾತ್ರ ಮೂರು ಡಬ್ಬಿಗೆ ಕೇಳುವಂಥದ್ದು. ನಾನು ದಿವಾದಲ್ಲಿ ಏಳುವಾಗಲೆಲ್ಲ ಪೆನ್ನು ಹಾಳೆ ಚೆಲ್ಲಾಪಿಲ್ಲಿ ಮಾಡಿಕೊಳ್ಳುವುದನ್ನು ನೋಡಿ ಒಂದು ದಿನ ಅವರೇ ತೀರ್ಪು ಕೊಟ್ಟರು.

“ಈ ಹುಡುಗಿ ಪರೀಕ್ಷಾ ಮುಗಿಯೂತನಾ ಏಳೂದಿಲ್ಲ. ಯಾರರ ಏನರ ಅನ್ನೋರಿದ್ರ ನನಗ ಅನ್ರಿ.”

ಯಾರೂ ಏನೂ ಅನ್ನಲಿಲ್ಲ. ಅನ್ನುವ ಧೈರ್ಯ ಯಾರಿಗಿತ್ತು? ಅಲ್ಲಿಂದ ನನಗೆ ಠಾಣೆಯವರೆಗೂ ಸೀಟು ಖಾಯಂ. ನನ್ನ ಪಾಲಿನ ಹೊತ್ತು ನಿಂತೇ ಹೋದ ಆ ಹೆಂಗಸರಲ್ಲಿ ಒಬ್ಬರಿಗೆ ಮಂಡಿನೋವು. ಅದು ಗೊತ್ತಿದ್ದೂ ನಾನು ಕೂತಿದ್ದೆ. ಈಗಲೂ ನೆನೆದರೆ ಕಸಿವಿಸಿಯಾಗುತ್ತದೆ. ಅಕ್ಕ ಮಾತ್ರ ಆಗಾಗ ನನ್ನ ಹಾಳೆ ಇಣುಕಿ, “ನಿನ್ನೀದ ಲೆಕ್ಕ ಇವತ್ತೂ ಹಿಡ್ಕೊಂಡು ಕುಂತೀಯಲ್ಲ ತಂಗಿ! ಭರ್ತಿ ಟ್ರೇನ್ ಬಂದ್ರ ಬಿಟ್ಟು ಮುಂದಿಂದು ಹಿಡೀತೀವೋ ಇಲ್ಲೋ? ಬಿಡು ಅದನ್ನ,” ಎಂದು ರೇಗಿಸುತ್ತಿದ್ದರು. ಬಿಡುವುದು ಅಷ್ಟು ಸುಲಭವಾಗಿದ್ದರೆ ನಾನ್ಯಾಕೆ ಎರಡನೇ ಸಲ ಬರೆಯುತ್ತಿದ್ದೆ?

ಪರೀಕ್ಷೆ ಒಂದು ಭಾನುವಾರ ಬೆಳಿಗ್ಗೆ, ಮಹಾಪೆಯಲ್ಲಿ, ನನ್ನ ಆಫೀಸಿನಿಂದ ಸ್ವಲ್ಪ ಮುಂದಿನ ಒಂದು ಕಂಪ್ಯೂಟರ್ ಕೇಂದ್ರದಲ್ಲಿ. ಎಂಟೂವರೆಗೆ ಗೇಟು ಮುಚ್ಚುತ್ತದೆ, ಆಮೇಲೆ ದೇವರು ಬಂದರೂ ತೆರೆಯುವುದಿಲ್ಲ ಎಂದು ಪ್ರವೇಶ ಪತ್ರದಲ್ಲೇ ದಪ್ಪ ಅಕ್ಷರದಲ್ಲಿತ್ತು; ದೇವರ ಮಾತು ನಾನು ಸೇರಿಸಿದ್ದು. ಪ್ರಿಂಟ್ ತೆಗೆಸಲು ಅದನ್ನು ಅಪ್ಪಯ್ಯನ ಫೋನಿಗೆ ಕಳಿಸಿದ್ದೆ, ಹೋಟೆಲಿನ ಪಕ್ಕದಲ್ಲೇ ಝೆರಾಕ್ಸ್ ಅಂಗಡಿ ಇರುವುದರಿಂದ. ಶನಿವಾರ ಅವರಿಂದ ಎರಡು ಸಾಲಿನ ಉತ್ತರ ಬಂತು. ಪ್ರಿಂಟ್ ಆಗಿದೆ. ಬೆಳಿಗ್ಗೆ ಠಾಣೆ ಸ್ಟೇಷನ್ ಹೊರಗೆ ಸ್ಕೂಟರ್ ತಂದು ನಿಲ್ಲುತ್ತೇನೆ, ಮಹಾಪೆಗೆ ಬಿಡುತ್ತೇನೆ.

ಆ ಮೆಸೇಜನ್ನು ಅಮ್ಮನಿಗೆ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿ, “ಭಾನ್ವಾರ? ಗಲ್ಲೆ ಬಿಟ್ಕಂಡಾ?” ಎಂದು ನನ್ನ ಮುಖ ನೋಡಿದಳು. ನನಗೆ ಧೈರ್ಯ ಬರುವ ಬದಲು ಹೆದರಿಕೆಯಾಯಿತು. ಕಡೆಯ ಸಲ ಎಂದು ಬೀಳ್ಕೊಡುವುದಕ್ಕೆ ಬರುತ್ತಿದ್ದಾರೆ ಎಂದುಕೊಂಡೆ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಸ್ಟೇಷನ್ನಿನಲ್ಲಿದ್ದೆ. ಈಗ ಹೇಳುವುದನ್ನು ಕೇಳಿ ನಗುವವರು ನಗಲಿ. ಭಾನುವಾರ ಲೋಕಲ್ ಖಾಲಿ ಇರುತ್ತದೆ. ನೇರ ಠಾಣೆ ಟ್ರೇನು ಹತ್ತಿದರೂ ಕಾಲು ಚಾಚಿ ಕೂರಬಹುದು. ರಿಟರ್ನ್ ಮಾಡುವ ಅಗತ್ಯವೇ ಇಲ್ಲ. ಆದರೆ ನನ್ನ ಕಾಲು ತನ್ನಷ್ಟಕ್ಕೇ ಕಲ್ಯಾಣದ ಕಡೆಯ ಪ್ಲಾಟ್‌ಫಾರ್ಮಿಗೆ ಇಳಿಯಿತು. ದಿನಾ ಬರುವ ಹೊತ್ತಿಗೇ ಒಂದು ಟ್ರೇನೂ ಬಂತು. ನನ್ನ ಡಬ್ಬಿ, ನನ್ನ ಕಿಟಕಿ. ಕಿವಿಗೆ ಬಿರಡೆ ತುರುಕಿದೆ, ಹಾಳೆ ತೆಗೆದೆ. ಪ್ಲಾಟ್‌ಫಾರ್ಮಿನ ಬೋರ್ಡು ನೋಡಲಿಲ್ಲ. ವರ್ಷವೆಲ್ಲ ಅದು ಕಲ್ಯಾಣ ಲೋಕಲ್, ಅದನ್ನೇನು ನೋಡುವುದು? ಭಾನುವಾರದ ಟೈಮ್‌ಟೇಬಲ್ ಬೇರೆ ಎಂದು ಗೊತ್ತಿರಬೇಕಾದರೆ ಭಾನುವಾರ ಆಫೀಸಿಗೆ ಹೋಗಿರಬೇಕಲ್ಲ.

ಹಾಳೆಯ ಮೇಲಿದ್ದದ್ದು ಹಿಂದಿನ ಸಂಜೆಯಿಂದ ಕಾಡುತ್ತಿದ್ದ ಲೆಕ್ಕ. ಎರಡು ಹೆಡ್ ಒಂದರ ಹಿಂದೆ ಒಂದು ಬೀಳುವವರೆಗೂ ನಾಣ್ಯ ಚಿಮ್ಮುತ್ತಿರಬೇಕು. ಸರಾಸರಿ ಎಷ್ಟು ಸಲ ಚಿಮ್ಮಬೇಕಾದೀತು? ನನಗೆ ನಾಲ್ಕು ಎನ್ನಿಸುತ್ತಿತ್ತು. ಪುಸ್ತಕದ ಹಿಂದಿನ ಉತ್ತರ ಆರು. ಆರು ಹೇಗೆ? ಎಲ್ಲಿ ತಪ್ಪಿದೆ? ಪರೀಕ್ಷೆಯ ಬೆಳಿಗ್ಗೆ ಇಂಥದ್ದನ್ನು ಬದಿಗಿಡಬೇಕು ಎಂದು ಬುದ್ಧಿ ಹೇಳುತ್ತಿತ್ತು. ಕೈ ಕೇಳಲಿಲ್ಲ.

ಕಲ್ಯಾಣ ಬಂತು. ಕೆಲವರು ಇಳಿದರು, ಇಬ್ಬರೋ ಮೂವರೋ ಹತ್ತಿದರು. ದಿನದ ನೂಕುನುಗ್ಗಲು ಇಲ್ಲ, ಭಾನುವಾರವಲ್ಲವೇ ಎಂದುಕೊಂಡೆ. ಟ್ರೇನು ಹೊರಟಿತು. ನನ್ನದು ಕಲ್ಯಾಣಕ್ಕೆ ಹೋಗುವಾಗ ಗಾಳಿಗೆ ಬೆನ್ನು ಹಾಕುವ ಸೀಟು. ವಾಪಸು ಹೊರಟ ಕೂಡಲೇ ಗಾಳಿ ಮುಖಕ್ಕೆ ಹೊಡೆದು ಹಾಳೆ ಪಟಪಟ ಎನ್ನಬೇಕು. ಅವತ್ತು ಹಾಳೆ ತೆಪ್ಪಗೆ ಬಿದ್ದಿತ್ತು. ಒಂದು ಸ್ಟೇಷನ್ ಹೋಯಿತು. ಇನ್ನೊಂದು ಹೋಯಿತು. ಹಾಳೆ ಯಾಕೆ ಹಾರುತ್ತಿಲ್ಲ ಎಂದು ಆಗ ತಲೆ ಎತ್ತಿದೆ. ಹೊರಗೆ ಹಿಂದೆ ಸರಿಯುತ್ತಿದ್ದ ಬೋರ್ಡಿನಲ್ಲಿ ಉಲ್ಹಾಸನಗರ ಎಂದಿತ್ತು.

ಕಿವಿಯ ಬಿರಡೆ ಕಿತ್ತು ಎದುರಿಗಿದ್ದ ಹೆಂಗಸನ್ನು ಕೇಳಿದೆ. “ಬದಲಾಪುರ್ ಹೈ,” ಎಂದಳು ಆಕೆ, ಹೂ ಕಟ್ಟುತ್ತಿದ್ದ ಕೈ ನಿಲ್ಲಿಸದೆ.

ಕಲ್ಯಾಣದಲ್ಲಿ ವಾಪಸಾಗದೆ ಇನ್ನೂ ಹಿಂದಕ್ಕೆ, ಠಾಣೆಯಿಂದ ದೂರಕ್ಕೆ ಹೋಗುವ ಟ್ರೇನು. ಅಂಬರನಾಥದಲ್ಲಿ ಹಾರಿ ಇಳಿದೆ. ವಾಪಸು ಟ್ರೇನಿನ ಬೋರ್ಡು ನೋಡಿದರೆ ಮುಂದಿನದು ಬರುವುದಕ್ಕೇ ಬಹಳ ಹೊತ್ತಿತ್ತು. ಅಲ್ಲಿಂದ ಠಾಣೆ, ಠಾಣೆಯಿಂದ ಮಹಾಪೆ — ಯಾವ ಲೆಕ್ಕದಲ್ಲೂ ಎಂಟೂವರೆಯೊಳಗೆ ಬರುವುದಿಲ್ಲ. ಅಪ್ಪಯ್ಯನಿಗೆ ಫೋನು ಮಾಡಿದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಮಾಡಿದೆ.

“ಅಪ್ಪಯ್ಯ, ತಪ್ಪು ಟ್ರೇನ್ ಹತ್ತಿದೆ. ಅಂಬರನಾಥ್‌ನಲ್ಲಿದ್ದೀನಿ.”

ಆ ಕಡೆ ಠಾಣೆಯ ರಿಕ್ಷಾಗಳ ಗದ್ದಲ. ಅದರ ನಡುವೆ, ಗಿರಾಕಿಗೆ ಚಿಲ್ಲರೆ ಎಣಿಸಿ ಕೊಡುವಾಗಿನ ಅದೇ ತಣ್ಣಗಿನ ದನಿ.

“ಟ್ರೇನ್ ಕಾಯ್ಬೇಡ ಹೆಣೆ. ಹೊರ್ಗ್ ಹೋಯಿ ರಿಕ್ಷಾ ಹಿಡಿ. ಕಟಾಯಿ ನಾಕಾ, ಶೀಳ ಫಾಟಾ, ಮಹಾಪೆ. ಚೀಟಿ ನನ್ ಹತ್ರ ಇತ್ತ್. ನಾನ್ ಸೀದಾ ಗೇಟಿಗೆ ಹೋತೆ. ಫೋನ್ ಇಡ್.”

ಅಷ್ಟೇ. ಮಗಳೇ ಎನ್ನುವ ಹಾಗೆ ಹೆಣೆ ಎಂದರು; ಯಾಕೆ, ಹೇಗೆ ಒಂದೂ ಕೇಳಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಹೊರಗಿದ್ದ ರಿಕ್ಷಾದವರಲ್ಲಿ ಒಬ್ಬ ಮಾತ್ರ ಅಷ್ಟು ದೂರಕ್ಕೆ ಒಪ್ಪಿದ. ನಡುವಯಸ್ಸಿನವನು, ಬಾಯಿ ತುಂಬ ಗುಟ್ಖಾ. ಕಟಾಯಿವರೆಗೆ ಚೆನ್ನಾಗಿಯೇ ಓಡಿಸಿದ. ಅಲ್ಲಿಂದ ಮುಂದೆ ಟ್ಯಾಂಕರುಗಳು, ಕಂಟೇನರುಗಳು, ಅಗೆದು ಬಿಟ್ಟ ರಸ್ತೆ. ಶೀಳ ಫಾಟಾದ ಹತ್ತಿರ ಎಲ್ಲ ನಿಂತೇಹೋಯಿತು. ಭಾನುವಾರ ಬೆಳಿಗ್ಗೆಯೂ ಇಷ್ಟೊಂದು ಲಾರಿಗಳಿಗೆ ಎಲ್ಲಿಗೆ ಹೋಗುವುದಿರುತ್ತದೋ! ನಾನು ರಿಕ್ಷಾದವನ ಮೇಲೆ ಹರಿಹಾಯ್ದೆ. ಎಡಕ್ಕೆ ತೆಗಿ, ಬಲಕ್ಕೆ ತೆಗಿ, ಫುಟ್‌ಪಾತ್ ಮೇಲೆ ಹತ್ತಿಸು. ಅವನು ಎಂಜಿನ್ ಬಂದ್ ಮಾಡಿ ಹಿಂದಕ್ಕೆ ತಿರುಗಿದ.

“ಮ್ಯಾಡಮ್, ಉಡಾಕೇ ಲೇ ಜಾಊಂ ಕ್ಯಾ?”

ಹಾರಿಸಿಕೊಂಡು ಹೋಗಲೇ ಎಂದು ಅವನು ಕೇಳಿದ್ದು. ನಾನು ಸೀಟಿಗೆ ಒರಗಿದೆ. ಪುಣೆಯ ರೂಮು, ಪುಣೆಯ ಆಫೀಸು, ಮತ್ತೆ ಇನ್ನೊಬ್ಬರ ಲೆಕ್ಕ ತಿದ್ದುವ ಮೇಜು, ಎಲ್ಲ ಕಣ್ಣೆದುರಿಗೆ ಬಂತು. ಇಷ್ಟು ತಿಂಗಳು ನನಗಾಗಿ ನಿಂತು ಬಂದ ಆ ಮಂಡಿನೋವಿನ ಹೆಂಗಸಿಗೆ ಸೋಮವಾರ ಏನೆಂದು ಹೇಳಲಿ? ಸೀಟಿನ ಆಸೆಗೆ ಕಲ್ಯಾಣಕ್ಕೆ ಹೋಗಿದ್ದೆ, ಪರೀಕ್ಷೆ ತಪ್ಪಿತು ಎಂದೇ?

ಕೈಯಲ್ಲಿ ಆ ಹಾಳೆ ಇನ್ನೂ ಮುದುಡಿಕೊಂಡು ಇತ್ತು. ಮಾಡಲು ಬೇರೇನೂ ಇಲ್ಲದೆ ಅದನ್ನು ನೋಡಿದೆ. ಆಗ ಹೊಳೆಯಿತು. ಒಂದು ಹೆಡ್ ಬಿದ್ದ ಮೇಲೆ ಟೇಲ್ ಬಿದ್ದರೆ ಆಟ ಮತ್ತೆ ಮೊದಲಿಗೆ ಹೋಗುತ್ತದೆ. ಅಲ್ಲಿಯವರೆಗೆ ಚಿಮ್ಮಿದ್ದು ದಂಡ, ಆದರೆ ಆ ದಂಡವನ್ನೂ ಎಣಿಸಬೇಕು. ನಾನು ಅದನ್ನು ಎಣಿಸಿರಲಿಲ್ಲ, ಅದಕ್ಕೇ ನಾಲ್ಕು ಬರುತ್ತಿತ್ತು. ಎಣಿಸಿದರೆ ಆರು. ಸರಿಯಾಗಿ ಆರು. ಹುಚ್ಚು ಹಿಡಿದವಳ ಹಾಗೆ ನಕ್ಕೆ. ರಿಕ್ಷಾದವನು ಕನ್ನಡಿಯಲ್ಲಿ ನೋಡಿ ಹೆದರಿದನೋ ಏನೋ, ಮುಂದಿನ ಕಂಟೇನರು ಅಲುಗಾಡಿದ್ದೇ ತಡ, ಸಂದಿಯಲ್ಲಿ ನುಗ್ಗಿಸಿ ಮಹಾಪೆಯ ರಸ್ತೆಗೆ ಹೊರಳಿಸಿದ.

ಕೇಂದ್ರದ ರಸ್ತೆಯ ತಿರುವಿನಲ್ಲಿ ಗಡಿಯಾರ ನೋಡಿದೆ. ಎಂಟೂವರೆ ಆಗಿಹೋಗಿತ್ತು. ಇನ್ನು ಹೋಗಿ ಏನು ಮಾಡುವುದು ಎಂದು ಒಂದು ಕ್ಷಣ ಅನ್ನಿಸಿತು. ರಿಕ್ಷಾ ಗೇಟಿನ ಎದುರಿಗೆ ನಿಂತಾಗ ಕಂಡದ್ದು ಇದು.

ಗೇಟು ಕಬ್ಬಿಣದ್ದು, ನೆಲದ ಹಳಿಯ ಮೇಲೆ ಸರಿಯುವಂಥದ್ದು. ಅದು ಅರ್ಧ ಮುಚ್ಚಿತ್ತು. ಉಳಿದರ್ಧದಲ್ಲಿ, ಆ ಹಳಿಯ ಮೇಲೆ ಅಡ್ಡಲಾಗಿ, ಹಾಲಿನ ಕ್ಯಾನು ತರುವ ಹೋಟೆಲಿನ ಹಳೇ ಸ್ಕೂಟರು. ಅದರ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಅಪ್ಪಯ್ಯ. ಕಿಕ್ ಹೊಡೆಯುತ್ತಿದ್ದರು. ಒಂದಾದ ಮೇಲೆ ಒಂದು, ಬೆವರು ಸುರಿಸಿಕೊಂಡು.

“ಕಾಕಾ, ಗಾಡಿ ಬಾಜೂಲಾ ಘ್ಯಾ!” ಪಕ್ಕಕ್ಕೆ ತೆಗೆಯಿರಿ ಎಂದು ಸೆಕ್ಯೂರಿಟಿಯವನು ಕಿರುಚುತ್ತಿದ್ದ. ಇನ್ನೊಬ್ಬ ಹಿಂದಿನಿಂದ ಸ್ಕೂಟರು ತಳ್ಳುತ್ತಿದ್ದ.

“ಚಾಲೂ ಹೋತ್ ನಾಹೀ, ಸಾಹೇಬ,” ಎಂದರು ಅಪ್ಪಯ್ಯ, ಬಲು ವಿನಯದಿಂದ. “ಕಾಯ್ ಕರೂ?” ಏನು ಮಾಡಲಿ, ಸ್ಟಾರ್ಟೇ ಆಗುತ್ತಿಲ್ಲ. ಮತ್ತೊಂದು ಕಿಕ್.

ನಾನು ಓಡಿದೆ. ಹತ್ತಿರ ಹೋದಾಗ ಎರಡು ಸಂಗತಿ ಕಂಡವು. ಅವರ ಬಲಗೈ ಬೆರಳುಗಳು ಬ್ರೇಕನ್ನು ಬಿಗಿಯಾಗಿ ಹಿಡಿದಿದ್ದವು. ತಳ್ಳುವವನು ಎಷ್ಟು ತಳ್ಳಿದರೂ ಸ್ಕೂಟರು ಅಲುಗುತ್ತಿರಲಿಲ್ಲ. ಮತ್ತು ಸ್ಕೂಟರಿನ ಚಾವಿ ಅವರ ಅಂಗಿ ಜೇಬಿನಲ್ಲಿತ್ತು. ತೆಳು ಅಂಗಿಯೊಳಗಿಂದ, ಪೆನ್ನಿನ ಪಕ್ಕದಲ್ಲಿ, ಸ್ಪಷ್ಟವಾಗಿ ಕಾಣುತ್ತಿತ್ತು.

ಅಪ್ಪಯ್ಯ ನನ್ನ ಮುಖ ನೋಡಲಿಲ್ಲ. ಅದೇ ಜೇಬಿನಿಂದ ಮಡಿಸಿದ ಪ್ರವೇಶ ಪತ್ರ ತೆಗೆದು ನನ್ನ ಕೈಗಿಟ್ಟು, “ಹೋಗ್,” ಎಂದರು. ಸ್ಕೂಟರಿಗೂ ಗೇಟಿಗೂ ನಡುವಿನ ಸಂದಿಯಲ್ಲಿ ನಾನು ಒಳಗೆ ನುಗ್ಗಿದೆ. ಸೆಕ್ಯೂರಿಟಿಯವನು ನನ್ನನ್ನು ನೋಡಿದ, ಅಪ್ಪಯ್ಯನನ್ನು ನೋಡಿದ, ಎಲ್ಲ ಅರ್ಥವಾದವನಂತೆ ಹಣೆ ಚಚ್ಚಿಕೊಂಡ. ಆದರೆ ನನ್ನನ್ನು ತಡೆಯಲಿಲ್ಲ. ಗೇಟು ಇನ್ನೂ ಮುಚ್ಚಿರಲಿಲ್ಲವಲ್ಲ.

ಪರೀಕ್ಷೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೆನ್ನಿಗೆ ಅಂಗಿ ಅಂಟಿತ್ತು. ಸುಮಾರು ಅರ್ಧ ದಾಟಿದ ಮೇಲೆ ಮತ್ತೆ ಪೆಟ್ಟಿಗೆ, ಮತ್ತೆ ಚೆಂಡು. ಹಳೆಯ ಶತ್ರುವೇ ವೇಷ ಬದಲಿಸಿ ಬಂದಿದ್ದ. ಅವರು ಕೊಟ್ಟ ರಫ್ ಹಾಳೆಯಲ್ಲಿ ಎರಡು ಸಾಲು ಬರೆದೆ. ಬರಲಿಲ್ಲ. ಮೂರನೆಯ ಸಾಲಿಗೆ ಪೆನ್ಸಿಲು ಊರಿದವಳು ನಿಂತೆ. ಭಾನುವಾರ ಗಲ್ಲೆ ಬಿಡಲಾರದ ಮನುಷ್ಯ ಗಲ್ಲೆ ಬಿಟ್ಟು ಬಂದಿದ್ದಾರೆ, ಸುಳ್ಳು ಹೇಳಲಾರದವರು ಬೀದಿಯಲ್ಲಿ ನಿಂತು ಸುಳ್ಳು ಹೇಳಿದ್ದಾರೆ. ನಾನು ಒಂದು ಲೆಕ್ಕ ಬಿಡಲಾರೆನೇ? ಬಿಟ್ಟೆ. ಸಂಕಟವಾಯಿತು, ಆದರೂ ಬಿಟ್ಟೆ. ಆಮೇಲೆ ಇನ್ನೂ ಕೆಲವನ್ನು ಬಿಟ್ಟೆ. ಕೊನೆಯ ಪ್ರಶ್ನೆಯವರೆಗೂ ಹೋದದ್ದು ಅದೇ ಮೊದಲು.

ಹೊರಗೆ ಬಂದಾಗ ಗೇಟಿನಲ್ಲಿ ಸ್ಕೂಟರು ಇರಲಿಲ್ಲ. ನಾನು ಬಸ್ಸು ಹಿಡಿದು ನೇರ ಮಾಜಿವಾಡಾಕ್ಕೆ ಹೋದೆ. ಮಧ್ಯಾಹ್ನದ ಊಟದ ಗದ್ದಲ. ಅಪ್ಪಯ್ಯ ಏನೂ ಆಗದವರಂತೆ ಗಲ್ಲೆಯ ಮೇಲಿದ್ದರು. ಕಿಕ್ ಹೊಡೆದ ಕಾಲನ್ನು ಮಾತ್ರ ಸ್ಟೂಲಿನ ಮೇಲೆ ಚಾಚಿಟ್ಟುಕೊಂಡಿದ್ದರು. ಪಾದದ ಮೇಲ್ಭಾಗ ಊದಿತ್ತು. ನನ್ನನ್ನು ನೋಡಿ, “ಉಂಡ್ಯಾ?” ಎಂದರು. ಇಲ್ಲ ಎಂದೆ. ಗಲ್ಲೆಯ ಪಕ್ಕದ ಮೇಜಿಗೆ ಊಟ ಹೇಳಿದರು.

ಒಂದು ತುತ್ತು ಬಾಯಿಗಿಟ್ಟಿದ್ದೆ. ಗಿರಾಕಿಯೊಬ್ಬನಿಗೆ ಚಿಲ್ಲರೆ ಕೊಡುತ್ತ, ನನ್ನ ಕಡೆ ತಿರುಗದೆಯೇ ಅಪ್ಪಯ್ಯ ಹೇಳಿದರು.

“ಈ ಸಲ ಆಗ್ದಿದ್ರೆ ಇನ್ನೊಂದ್ ಸಲ ಬರಿ.”

ಇಡೀ ವರ್ಷ ನನ್ನ ಎದೆಯ ಮೇಲೆ ಕೂತಿದ್ದ ಆ ‘ಇದೇ ಕಡೆ’ಯನ್ನು ಅವರು ಹಾಗೆ, ಸಾರು ಬೇಕಾ ಎಂದು ಕೇಳುವ ಹಾಗೆ, ಎತ್ತಿ ಬದಿಗಿಟ್ಟಿದ್ದರು. ಕಣ್ಣೀರು ತಟ್ಟೆಗೆ ಬಿತ್ತು. ಆದರೆ ನನ್ನ ಬಾಯಿ ಎಲ್ಲಿ ಸುಮ್ಮನಿರುತ್ತದೆ?

“ಆಗ್ದಿದ್ರೆ ಅಂತ ಈಗ್ಲೇ ಎಂತಕೆ ಹೇಳೂದು?” ಎಂದು ರೇಗಿದೆ.

ಗಿರಾಕಿ ಬೆಚ್ಚಿ ನನ್ನ ಕಡೆ ನೋಡಿದ. ಅಪ್ಪಯ್ಯ ನಕ್ಕರು.

ಆ ಸಲವೇ ಆಯಿತು. ಸೀಟು ಸಿಕ್ಕಿದ ಸುದ್ದಿ ಬಂದ ದಿನ ಗಲ್ಲೆಗೇ ಫೋನು ಮಾಡಿದೆ. ಆ ಕಡೆ ಪಾತ್ರೆಯ ಸದ್ದು, ಯಾರೋ ಎರಡು ಮಸಾಲೆ ಎಂದು ಕೂಗಿದ್ದು. ಆಮೇಲೆ ಅಪ್ಪಯ್ಯ ಒಡೆದ ದನಿಯಲ್ಲಿ, “ಇನ್ನಾದ್ರೂ ಭಾನ್ವಾರ ಕಲ್ಯಾಣಕ್ಕೆ ಹೋಗ್ಬೇಡ ಹೆಣೆ,” ಎಂದರು.